ನಿಂಬೆಹಣ್ಣಿನ ಎರಡು ಕಲೆ

ಹಿಮ ಬೀಳುವುದೇ ಅಪರೂಪವಾದ ಅಲೆನ್ ಊರಿನಲ್ಲಿ ನಮ್ಮ ಎದುರುಮನೆಯ ಅಂಕಲ್ ಗ್ಯಾರೇಜಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಇಟ್ಟಿದ್ದರು. ವರ್ಷಕ್ಕೊಮ್ಮೆ ಅದನ್ನು ಕೊಲರಾಡೊಗೆ ಒಯ್ಯುತ್ತಿದ್ದರು. ಒಮ್ಮೆ ಅಲ್ಲಿ ಅದು ಮೆತ್ತನೆಯ ಹಿಮದಲ್ಲಿ ಹೂತುಹೋಯಿತು. ಮನೆಗೆ ಬಂದವರೇ ಗಾಡಿಯ ಮುಂಭಾಗವನ್ನು ಹೊತ್ತು ಜಾರುವ ಸಪೂರ ಪಟ್ಟಿಗಳನ್ನು, ಅಂದರೆ ಸ್ಕೀಗಳನ್ನು, ಕಿತ್ತು, ಅಗಲವಾದವನ್ನು ಜೋಡಿಸಿದರು.

"ಅಗಲ ಇದ್ರೆ ಮುಳುಗಲ್ಲ ಕಣಯ್ಯ" ಎಂದು ಎಲ್ಲರಿಗೂ ಅಂಗೈ ಚಾಚಿ ತೋರಿಸುತ್ತಿದ್ದರು.

ಆಯುಧಪೂಜೆಯ ದಿನ ಆ ಹೊಸ ಸ್ಕೀಗಳಡಿ ನಿಂಬೆಹಣ್ಣಿಟ್ಟು, ನಮ್ಮಿಂದ ಗ್ಯಾರೇಜಿನ ಮುಂದಿನ ಕಾಂಕ್ರೀಟ್ ಡ್ರೈವ್‌ವೇಯಲ್ಲಿ ಗಾಡಿ ತಳ್ಳಿಸಿದರು.

"ಈ ಬಿಸಿಲಲ್ಲಿ ಇದೇನ್ರೀ ಜಾರುಬಂಡಿ!" ಎಂದು ಆಂಟಿ ನಕ್ಕರು. ಹಣ್ಣು ಅಪ್ಪಚ್ಚಿಯಾದಾಗ ಅಂಕಲ್ ಕಣ್ಣುಮುಚ್ಚಿ ಕೈಮುಗಿದರು.

ಈಗ ಅವರಿಲ್ಲ, ಗಾಡಿಯೂ ಇಲ್ಲ. ನಿಂಬೆಯ ಹುಳಿ ತಿಂದ ಎರಡು ಕಲೆಗಳು ಮಾತ್ರ ಆ ಕಾಂಕ್ರೀಟಿನಲ್ಲಿ ಉಳಿದಿವೆ. ಈ ಜನವರಿಯಲ್ಲಿ ಅಲೆನ್‌ನಲ್ಲೇ ಹಿಮ ಬಿತ್ತು. ಹೋಗಿ ನೋಡಿದರೆ ಕಲೆಗಳು ಮುಳುಗಿದ್ದವು. ಬೂಟಿನಿಂದ ಹಿಮ ಸರಿಸಿದೆ. ಎರಡೂ ಅಲ್ಲೇ ಇದ್ದವು.