ಹಾಡು ಇಟ್ಟುಕೊಂಡರು, ಮಾತು ಕತ್ತರಿಸಿದರು

ಪ್ರಫುಲ್ಲಾ ಬಾನುಲಿಗೆ ಮೊದಲ ಸಲ ಫೋನ್ ಮಾಡಿದ್ದೇ ಜಗಳಕ್ಕೆ. ತ್ರಾಸಿಯ ಆಚೆ ಕಡಲ ಬದಿಯ ಕೇರಿಯವಳು. ಬೆಳಿಗ್ಗೆ ಮೀನು ಮಾರಿ ಬಂದು, ಮಧ್ಯಾಹ್ನ ಉಂಡ ಮೇಲೆ ಸಣ್ಣ ರೇಡಿಯೋ ಹಚ್ಚಿ ಕಾಲು ಚಾಚುವುದು ಅವಳ ರೂಢಿ. ಆ ದಿನ ಬ್ರಹ್ಮಾವರದ ‘ತೆರೆದನಿ’ ಎಂಬ ಬಾನುಲಿಯ ಹರಟೆಯಲ್ಲಿ ಒಬ್ಬ ಮಹನೀಯರು, ಕರಾವಳಿಯ ಹೆಂಗಸರಿಗೆ ಈಗ ಧಾರಾವಾಹಿ ಬಿಟ್ಟರೆ ಬೇರೆ ಕಲೆ ಬೇಡವಾಗಿದೆ ಎಂದು ಮರುಗುತ್ತಿದ್ದರು. ಪ್ರಫುಲ್ಲಾಳಿಗೆ ಮೈ ಉರಿಯಿತು.

“ಹ್ವಾಯ್, ನಮ್ಗ್ ಕಲೆ ಬ್ಯಾಡ ಅಂದವ್ರ್ ಯಾರ್? ನೀವ್ ಬಂದ್ ಕೇಂಡಿರ್ಯಾ?” ಎಂದವಳೇ, ಫೋನಿನಲ್ಲೇ ಎರಡು ಯಕ್ಷಗಾನದ ಪದ್ಯ ಎತ್ತಿ ಹಾಡಿಬಿಟ್ಟಳು.

ಅಲ್ಲಿಂದ ಅವಳು ಬಾನುಲಿಯ ಪ್ರಫುಲ್ಲಕ್ಕ. ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಒಂದು ಯಕ್ಷಗಾನ ತಂಡ ಮಾಡಿದ್ದಳು. ಭಾಗವತಿಕೆ ಅವಳದು, ಮದ್ದಳೆ ವಿನಯಾಳದು, ಭೀಮನ ವೇಷಕ್ಕೆ ಹೇಳಿ ಮಾಡಿಸಿದ ಆಳು ಬಾಗಿ. ಅವರ ಶೋಭಾನೆ, ಪದ್ಯಗಳನ್ನು ಬಾನುಲಿಯವರು ಧ್ವನಿಮುದ್ರಿಸಿಕೊಂಡು ದಿನಾ ಬೆಳಿಗ್ಗೆ ಹಾಕುತ್ತಿದ್ದರು. ಬೈಂದೂರಿನಿಂದ ಬಾರ್ಕೂರಿನವರೆಗೆ ಕೇಳುವವರಿದ್ದರು.

ಆದರೆ ಹೆಜ್ಜೆ ಹಾಕಲು ಅವರಿಗೆ ಜಾಗವಿರಲಿಲ್ಲ. ಮೀನು ಒಣಗಿಸುವ ಬಯಲಿನ ಮರಳಲ್ಲಿ ಕುಣಿದು ಕಣಕಾಲು ಊದುತ್ತಿತ್ತು. ಕೇರಿಯ ನಡುವೆ ರಂಗಮಂದಿರವೇನೋ ಇತ್ತು. ಊರವರೇ ಶ್ರಮದಾನ ಮಾಡಿ ಕಟ್ಟಿದ್ದು. ಹೊಯ್ಗೆ, ಅಂದರೆ ಮರಳು, ಹೊತ್ತವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಈಗ ಅದರ ಸಮಿತಿಗೆ ರಾಘವೇಂದ್ರ ಅಧ್ಯಕ್ಷ. ಪಕ್ಷದ ಕೆಲಸ, ಶಾಮಿಯಾನದ ವ್ಯಾಪಾರ ಎರಡೂ ಇದ್ದ ಮನುಷ್ಯ. ಮಂದಿರದ ತುಂಬ ಅವನ ಕುರ್ಚಿ, ಕಂಬ, ತಗಡು. ಬೀಗದ ಕೈ ಅವನ ಕಿಸೆಯಲ್ಲಿ. ಹೆಂಗಸರು ಕೇಳಲು ಹೋದಾಗಲೆಲ್ಲ “ಕಾಂಬ, ಕಾಂಬ” ಎಂದು, ನೋಡೋಣವೆಂಬ ಮಾತಲ್ಲೇ ಅಟ್ಟುತ್ತಿದ್ದ.

‘ಊರು ಮತ್ತು ಕಲೆ’ ಎಂಬ ಮಾತುಕತೆಗೆ ಬಾನುಲಿಯಿಂದ ಕರೆ ಬಂದಾಗ ಪ್ರಫುಲ್ಲಾ ಇದನ್ನೆಲ್ಲ ಹೇಳಲೆಂದೇ ಹೋದಳು. ಕಾರ್ಯಕ್ರಮದ ಹೊಣೆ ಹೊತ್ತ ರವಿಚಂದ್ರ ತಲೆದೂಗುತ್ತ ಕೇಳಿಸಿಕೊಂಡ. ನಡುವೆ ನಗೆಯಾಟಕ್ಕೆ ಬಂಗುಡೆ ಸಾರಿನ ಸಂಗತಿಯೂ ಬಂತು. ಒಂದು ಪದ್ಯವನ್ನೂ ಹಾಡಿದಳು.

ಪ್ರಸಾರದ ಸಂಜೆ ಅವಳ ಅಂಗಳದಲ್ಲಿ ಕೇರಿಯೇ ನೆರೆದಿತ್ತು. ಪದ್ಯ ಬಂತು. ಬಂಗುಡೆ ಸಾರು ಬಂತು, ಅವಳು ನಕ್ಕಿದ್ದೂ ಬಂತು. “ಪ್ರಫುಲ್ಲಕ್ಕನಿಗೆ ಧನ್ಯವಾದಗಳು” ಎಂದು ಮುಗಿದೇಹೋಯಿತು. ರಂಗಮಂದಿರದ ಹೆಸರೇ ಇಲ್ಲ.

ಗಂಡ ಬಚ್ಚ ಸಮಾಧಾನ ಮಾಡಲು ನೋಡಿದ: “ಪದ್ಯ ಲಾಯ್ಕ್ ಬಂತಲ್ದಾ ಮಾರಾಯ್ತಿ.”

“ಪದ್ಯ ಹೇಳುಕೆ ನಾನ್ ಕೋಗಿಲೆಯಾ?” ಎಂದಳು ಪ್ರಫುಲ್ಲಾ. ನಗುವಾಗ ಮಾತ್ರ ತನ್ನ ದನಿ ಬೇಕು, ಹಕ್ಕು ಕೇಳುವಾಗ ಬೇಡ ಎಂಬುದು ಕೆನ್ನೆಗೆ ಹೊಡೆದಂತಾಗಿತ್ತು.

ಮರುದಿನ ಮೀನು ಮಾರಲು ಹೋಗದೆ ಬ್ರಹ್ಮಾವರದ ಬಸ್ಸು ಹತ್ತಿದಳು. ಬಾನುಲಿಯ ಮಾಳಿಗೆ ಮೆಟ್ಟಿಲೇರಿದವಳು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

“ನಾನ್ ಹೇಳದ್ದ್ ಎಲ್ ಹೋಯ್ತ್?”

ರವಿಚಂದ್ರ ತಡವರಿಸಿದ. “ಪ್ರಫುಲ್ಲಕ್ಕ, ನಮ್ಮಲ್ ರಾಜಕೀಯ ಹಾಕೂಕಿಲ್ಲ. ಪರವಾನಗಿಗ್ ತೊಂದ್ರೆ ಆತ್ತ್.”

“ಮಂದಿರದಗೆ ಕುರ್ಚಿ ರಾಶಿ ಹಾಕದ್ದ್ ರಾಜಕೀಯ ಅಲ್ಲ, ನಾನ್ ಕೇಂಡದ್ದ್ ರಾಜಕೀಯವಾ? ರಾಘವೇಂದ್ರ ಫೋನ್ ಮಾಡಿದ್ನಾ ಇಲ್ಯಾ, ಅದ್ ಹೇಳಿ.”

ರವಿಚಂದ್ರ ಗೋಡೆ ನೋಡಿದ. ಉತ್ತರ ಸಿಕ್ಕಿತು.

“ಆಯ್ತ್. ನಮ್ಮ್ ಮಾತ್ ಬ್ಯಾಡ ಅಂದ್ರೆ ನಮ್ಮ್ ಪದ್ಯವೂ ಬ್ಯಾಡ. ನಾಳೆಯಿಂದ ನಮ್ಮ್ ದನಿ ಹಾಕ್ಬೇಡಿ.”

ತಂಡದವರೆಲ್ಲ ಅವಳ ಬೆನ್ನಿಗೆ ನಿಂತರು. ವಿನಯಾ ಒಬ್ಬಳೇ ಸ್ವಲ್ಪ ಅಳುಕಿದಳು. ಬಾನುಲಿಯಿಂದಾಗಿಯೇ ಅವರಿಗೆ ಎರಡು ಕಡೆ ಯಕ್ಷಗಾನದ ಆಟಕ್ಕೆ ಕರೆ ಬಂದಿತ್ತು. ಕಡೆಗೆ ಅವಳೂ ಒಪ್ಪಿದಳು. ಬೆಳಗಿನ ಹಾಡು ನಿಂತಿತು. ದಾರಿಯಲ್ಲಿ ಸಿಕ್ಕಿದ ರಾಘವೇಂದ್ರ, “ಎಂತ ಪ್ರಫುಲ್ಲಕ್ಕ, ಗಂಟ್ಲ್ ಕಟ್ತಾ?” ಎಂದು ನಕ್ಕ. ಅವಳು ತಿರುಗಿ ನೋಡದೆ ಮುಂದೆ ನಡೆದಳು. ಸಿಟ್ಟಿಗೆ ಆ ದಿನ ಊಟವೂ ಸೇರಲಿಲ್ಲ.

ಇತ್ತ ಬಾನುಲಿಗೆ ಕೇಳುಗರ ಕರೆ ಬರತೊಡಗಿತು. ಅಮಾಸೆಬೈಲಿನ ಮುದುಕಿಯೊಬ್ಬಳು ನೇರಪ್ರಸಾರದಲ್ಲೇ ಕೇಳಿದಳು: “ಆ ಹೆಂಗಸ್ರ್ ಪದ್ಯ ಎಂತಕ್ಕೆ ನಿಲ್ಸಿರ್?” ಮೈಕಿನ ಮುಂದೆ ಕೂತಿದ್ದವಳು ಸ್ವಾತಿ, ಅಲ್ಲಿನ ನಿರೂಪಕಿ. ತಾಂತ್ರಿಕ ತೊಂದರೆ ಎನ್ನಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಅವಳು ಅದನ್ನು ಬಿಟ್ಟು, “ಅವರ ಮಾತನ್ನು ನಾವು ಕತ್ತರಿಸಿದೆವು ಅಮ್ಮ. ಅದಕ್ಕೆ ಅವರು ಹಾಡು ವಾಪಸು ತೆಗೆದುಕೊಂಡರು” ಎಂದುಬಿಟ್ಟಳು.

ಯಾವ ಮಾತು ಎಂಬ ಪ್ರಶ್ನೆ ಆಮೇಲೆ ಎಲ್ಲ ಕಡೆಯಿಂದ ಬಂತು. ಮುಚ್ಚಿಡಲು ದಾರಿ ಇಲ್ಲದೆ ರವಿಚಂದ್ರ ಪ್ರಫುಲ್ಲಾ, ರಾಘವೇಂದ್ರ ಇಬ್ಬರನ್ನೂ ನೇರಪ್ರಸಾರಕ್ಕೆ ಕರೆದ. ಹೆಂಗಸಿನ ಜೊತೆ ಮಾತಲ್ಲಿ ಸೋಲುವುದುಂಟೇ ಎಂದು ರಾಘವೇಂದ್ರ ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದ.

ಪ್ರಫುಲ್ಲಾ ಕೇಳಿದ್ದು ಒಂದೇ. “ರಾಘವೇಂದ್ರಣ್ಣ, ಹೊಯ್ಗೆ ಹೊತ್ತದ್ದ್ ನಾವ್. ನಮ್ಗ್ ಬೀಗ ಎಂತಕ್ಕೆ?”

ಅವನು ಕರೆಂಟು ಬಿಲ್ಲು ಎಂದ, ಸಮಿತಿಯ ಠರಾವು ಎಂದ. ಅವಳು ಮತ್ತೆ ಅದನ್ನೇ ಕೇಳಿದಳು. ಕಡೆಗೆ ಅವನಿಗೆ ತಾಳ್ಮೆ ತಪ್ಪಿತು. “ಮೀನ್ ಬುಟ್ಟಿ ಹೊರು ಹೆಂಗಸ್ರ್ ಗೆಜ್ಜೆ ಕಟ್ಟಿ ಕುಣುಕೆ ನಾವ್ ಮಂದಿರ ಕಟ್ಟದ್ದಲ್ಲ!”

ರವಿಚಂದ್ರನ ಕೈ ಮೈಕು ಆರಿಸುವ ಗುಂಡಿಯ ಮೇಲೆ ಹೋಯಿತು. ಆದರೆ ಮಾತು ಆಗಲೇ ಊರು ಸೇರಿತ್ತು.

“ನಿಮ್ಮ್ ಅಮ್ಮ ವನಜಕ್ಕ ಹೊತ್ತದ್ದ್ ಎಂತ ಮಾರಾಯ್ರೆ, ಅದೇ ಬುಟ್ಟಿ ಅಲ್ದಾ?” ಎಂದಳು ಪ್ರಫುಲ್ಲಾ.

ಬಾನುಲಿ ಕೇಳಿದ ಊರವರ ಒತ್ತಾಯಕ್ಕೆ, ವಾರ ಕಳೆಯುವುದರೊಳಗೆ ಸಮಿತಿ ಮಂದಿರದ ಬೀಗ ತೆಗೆಯಿತು. ವಾರಕ್ಕೆ ಎರಡು ಸಂಜೆ ಹೆಂಗಸರಿಗೆ ಎಂದಾಯಿತು. ಅಧ್ಯಕ್ಷ ಮಾತ್ರ ಬದಲಾಗಲಿಲ್ಲ. ಅವನ ಕುರ್ಚಿಗಳೂ ಅರ್ಧ ಮಂದಿರದಲ್ಲಿ ಹಾಗೇ ಇದ್ದವು.

ಹಾಡನ್ನು ಮರಳಿ ಕೊಡಬೇಕೆಂದು ಕೇಳಲು ಸ್ವಾತಿಯೇ ಕೇರಿಗೆ ಬಂದಳು. “ನಿಮ್ಗ್ ಕೊಡ್ತೆ” ಎಂದು ಪ್ರಫುಲ್ಲಾ ಒಪ್ಪಿದಳು. ಸಮಿತಿಗೆ ಬಾನುಲಿಯಲ್ಲಿ ಒಂದು ಧನ್ಯವಾದ ಹೇಳಿದರೆ ಚೆನ್ನಾಗಿತ್ತೆಂದು ರವಿಚಂದ್ರ ಹೇಳಿ ಕಳಿಸಿದ್ದ.

“ನಮ್ಮ್ ಬಾಗ್ಲ್ ನಮ್ಗ್ ತೆಗ್ದದ್ದಕ್ಕೆ ಧನ್ಯವಾದ ಎಂತದ್?” ಎಂದವಳೇ ಪ್ರಫುಲ್ಲಾ ಸೀರೆ ಸೆರಗು ಸಿಕ್ಕಿಸಿ ಎದ್ದಳು. ಬಾಗಿಯನ್ನು ಕೂಗಿದಳು. ಆ ಸಂಜೆ ಹೆಂಗಸರೆಲ್ಲ ಸೇರಿ ರಾಘವೇಂದ್ರನ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ಅವನ ಮನೆಯ ಅಂಗಳದಲ್ಲಿ ಸಾಲಾಗಿ ಇಟ್ಟು ಬಂದರು.