ಮಾವನ ಗ್ರೋಕ್, ಅತ್ತೆಯ ನಾಡಿದ್ದು

ಬಾದಾಮಿಯಿಂದ ಇಳಕಲ್ಲಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಈ ಮನೆಯವರ ತಲೆ ನೆಟ್ಟಗಿಲ್ಲ ಎಂದೇ ನನಗೆ ಅನ್ನಿಸಿತ್ತು. ಒಂದು ದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಮಾವ ಊಟಕ್ಕೆ ಕೂತಿದ್ದರು. ನನ್ನ ಗಂಡ ಬಾಗಿಲಿಗೆ ಒರಗಿ, ಮಾತಿಲ್ಲದೆ, ಅಪ್ಪನ ತಾಟನ್ನೇ ನೋಡುತ್ತ ನಿಂತಿದ್ದ. ಮಾವ ತಲೆ ಎತ್ತದೆಯೇ, "ಲೇ, ಗ್ರೋಕಬ್ಯಾಡ. ತಾಟ ತಗೊಂಡು ಕುಂಡ್ರು" ಅಂದರು. ನಾನು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದೆ. ಗ್ರೋಕುವುದು ಅಂದರೆ ಬೈಗುಳವೋ, ಈ ಮನೆತನಕ್ಕೆ ಬಂದ ರೋಗವೋ ತಿಳಿಯಲಿಲ್ಲ.

ಆಮೇಲೆ ಗೊತ್ತಾಯಿತು. ಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಇಂಗ್ಲಿಷರೇ ಬಳಸದೆ ಮೂಲೆಗೆ ಹಾಕಿದ ಇಂಗ್ಲಿಷ್ ಪದಗಳನ್ನು ಹುಡುಕಿ ಮನೆಗೆ ತರುವುದು ಅವರ ಹುಚ್ಚು. ಒಬ್ಬರು ಉಣ್ಣುವಾಗ, ತನಗೂ ಒಂದು ತುತ್ತು ಸಿಕ್ಕೀತೆಂದು ಸುಮ್ಮನೆ ಅವರ ಬಾಯಿ ನೋಡುತ್ತ ಕೂಡುವುದೇ ಗ್ರೋಕ್. ಕೆಲಸ ಮಾಡುವಂತೆ ನಟಿಸಿ ಹೊತ್ತು ಕಳೆಯುವುದು ಫಜೆಲ್. ಅಂಗಡಿಯ ಕೆಲಸ ಅಂತ ಹೇಳಿ ಮೊಬೈಲು ತಿಕ್ಕುವ ನನ್ನ ಗಂಡನಿಗೆ ಇದು ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂತಿತು. ಚಳಿಗಾಲದ ಬಿಸಿಲಿನ ಹಿತಕ್ಕೆ ಅಪ್ರಿಸಿಟಿ ಎಂಬ ಹೆಸರು. ಬಾದಾಮಿಯ ಕೆಂಪು ಕಲ್ಲುಗಳ ನಡುವೆ ಬೆಂದು ಬೆಳೆದವಳು ನಾನು. ಬಿಸಿಲಿಗೂ ಒಂದು ಮುದ್ದಿನ ಹೆಸರಿದೆ ಅಂದಾಗ ನಗು ತಡೆಯಲಾಗಲಿಲ್ಲ. ಆದರೆ ಸಂಕ್ರಾಂತಿಯ ಮುಂಚಿನ ಒಂದು ಬೆಳಗ್ಗೆ ಕಟ್ಟೆಯ ಮೇಲೆ ಬೆನ್ನು ಕಾಯಿಸಿಕೊಳ್ಳುವಾಗ ಆ ಪದ ತಾನಾಗಿಯೇ ನಾಲಿಗೆಗೆ ಬಂತು.

ನನ್ನದು ಕನ್ನಡ ಶಾಲೆ. ಕಾಲೇಜಿನಲ್ಲಿ ಪಟಪಟ ಇಂಗ್ಲಿಷ್ ಆಡುವವರ ಎದುರು ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಮಾವನ ಪದಗಳ ಹತ್ತಿರ ಮಾತ್ರ ಆ ಅಂಜಿಕೆ ಇರಲಿಲ್ಲ. ಅವು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ತಪ್ಪು ಹಿಡಿದು ನಗುವವರೂ ಇರಲಿಲ್ಲ. ನಾವು ಅವಕ್ಕೆ ನಮ್ಮ ಪ್ರತ್ಯಯ ಹಚ್ಚಿ, ನಮ್ಮ ಮನೆಯ ಕ್ರಿಯಾಪದ ಮಾಡಿಕೊಂಡು, ಬೇಕಾದಂತೆ ಬಳಸಿದೆವು.

ಅತ್ತೆ ಮಾತ್ರ ಒಂದು ಪದವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಅವರು ನೇಯುವವರು. ಮುಂದಿನ ಕೋಣೆಯ ಮಗ್ಗದಿಂದಲೇ ಮನೆಯ ಎಲ್ಲ ವ್ಯವಹಾರಕ್ಕೂ ಉತ್ತರ ಕೊಡುತ್ತಿದ್ದರು.

"ಸತ್ತ ಮಾತು ಯಾಕ ಮನಿಗೆ ಹೊತ್ಕೊಂಡು ಬರ್ತೀರಿ?" ಎಂದು ಗದರುತ್ತಿದ್ದರು.

"ಸತ್ತಿಲ್ಲ. ಯಾರೂ ಕರದಿಲ್ಲ, ಅದಕ್ಕ ಬಂದಿಲ್ಲ" ಎಂದು ಮಾವ ನಗುತ್ತಿದ್ದರು.

ಅತ್ತೆಗೆ ತಮ್ಮದೇ ಒಂದು ಪದ ಇತ್ತು. ಸೀರೆ ನೇಯಲು ಹೇಳಿದವರು ಬಂದು "ನನ್ನ ಸೀರಿ ಯಾವಾಗ್ರಿ?" ಅಂದರೆ, ಲಾಳಿ ನಿಲ್ಲಿಸದೆಯೇ "ನಾಡದು" ಅನ್ನುತ್ತಿದ್ದರು. ಮತ್ತೆ ಬಂದು ಕೇಳಿದರೆ ಮತ್ತೆ "ನಾಡದು". ಆ ನಾಡಿದ್ದು ಯಾವ ಕ್ಯಾಲೆಂಡರಿನಲ್ಲೂ ಇಲ್ಲವೆಂದು ಕೇಳುವವರಿಗೂ ಗೊತ್ತು. ಆದರೂ ಸೀರೆ ಬರುತ್ತಿತ್ತು. ಅತ್ತೆ ನಾಡಿದ್ದು ಅಂದ ಸೀರೆ ಬಾರದೆ ಉಳಿದದ್ದನ್ನು ನಾನು ನೋಡಿಲ್ಲ.

ಮಾವನಿಗೆ ಇದೊಂದು ಖುಷಿ. "ಇಂಗ್ಲಿಷರಿಗೂ ಇದಕ್ಕೊಂದ ಪದ ಇತ್ತವಾ, ಓವರ್‌ಮಾರೊ ಅಂತ. ಕಳಕೊಂಡ್ರು. ಈಗ ಡೇ ಆಫ್ಟರ್ ಟುಮಾರೊ ಅಂತ ಇಷ್ಟುದ್ದ ಹೇಳಬೇಕು, ಪಾಪ. ನಿಮ್ಮತ್ತಿ ನೋಡು, ಒಂದ ಮಾತಿನ್ಯಾಗ ಊರ ಮಂದೀನ್ನ ವಾಪಸ್ ಕಳಸ್ತಾಳ" ಅನ್ನುತ್ತಿದ್ದರು. ಅತ್ತೆ ಕೇಳಿಸದವರಂತೆ ಮಗ್ಗದ ಸದ್ದು ಜೋರು ಮಾಡುತ್ತಿದ್ದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನಿಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ದವಾಖಾನೆಯಿಂದ ಜೀವ ಉಳಿಸಿಕೊಂಡು ಬಂದೆವು. ಕಾಲು ನಿಧಾನಕ್ಕೆ ಸುಧಾರಿಸಿತು, ಬಲಗೈ ಸೋತಿತು, ಮಾತು ಪೂರಾ ಹೋಯಿತು. ಮಾತು ಕಲಿಸುವ ಡಾಕ್ಟರಮ್ಮ ನಮ್ಮನ್ನು ಕೂಡಿಸಿಕೊಂಡು ಹೇಳಿದರು: "ಅವರಿಗೆ ಎಲ್ಲಾ ತಿಳಿತೈತ್ರಿ. ಪದ ಬಾಯಿತನಕ ಬರವಲ್ದು, ಅಷ್ಟ. ಮೊದಲಿನ ತಿಂಗಳದಾಗ ಬಂದ್ರ ಚಲೋ, ಆಮ್ಯಾಲ ಕಷ್ಟ ಆಗ್ತೈತಿ. ಅವರ ಬದ್ಲಿ ನೀವು ಮಾತಾಡಬ್ಯಾಡ್ರಿ. ಕಾಯ್ರಿ."

ಅಭ್ಯಾಸಕ್ಕೆಂದು ಚಿತ್ರದ ಕಾರ್ಡು ಕೊಟ್ಟಿದ್ದರು. ಆಕಳು, ಚೆಂಬು, ಕೊಡೆ. ನಾನು ಆಕಳು ತೋರಿಸಿದೆ. ಮಾವ ಮುಖ ತಿರುಗಿಸಿದರು. ನನಗೂ ಮೈ ಉರಿಯಿತು. ಊರಿನ ಅರ್ಧ ಮಂದಿಗೆ ಇಂಗ್ಲಿಷ್ ಕಲಿಸಿದ ಮನುಷ್ಯನಿಗೆ ಆಕಳ ಚಿತ್ರ! ಕಾರ್ಡುಗಳನ್ನು ಕಪಾಟಿಗೆ ತುರುಕಿ, ಅವರದೇ ಪದ ಹಿಡಿದುಕೊಂಡು ಹೋದೆ. "ಓವರ್..." ಅಂದು ನಿಲ್ಲಿಸಿ ಕಾದೆ. ಅವರ ತುಟಿ ಅಲುಗಿತು, ಕತ್ತಿನ ನರ ಉಬ್ಬಿತು, ಏನೂ ಬರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅಂದಿನಿಂದ ಮನೆಯಲ್ಲಿ ಆ ಪದಗಳನ್ನು ಯಾರೂ ಆಡಲಿಲ್ಲ. ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರೂ ಯಾರೂ ಏನೂ ಅನ್ನಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವರು ಮತ್ತೆ ಮಾತಾಡದಿದ್ದರೆ ನಾವು ಮಾತಾಡುತ್ತ ಬದುಕುವುದು ಹೇಗೆ ಎಂಬುದೇ ನನ್ನ ತಲೆಯಲ್ಲಿ ಕೂತಿತ್ತು.

ಅತ್ತೆ ಡಾಕ್ಟರಮ್ಮನ ಮಾತಿನಲ್ಲಿ 'ಕಾಯ್ರಿ' ಎಂಬುದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಾವ ಊಟಕ್ಕೆ ಕೂತರೆ ಸಾಕು, ಮಗ್ಗದಿಂದ ಎದ್ದು ಬಂದು ಎದುರಿಗೆ ಕೂಡುವರು. ಮಾತಿಲ್ಲ, ಕತೆಯಿಲ್ಲ. ಅವರ ಬಾಯನ್ನೇ ನೋಡುತ್ತಿರುವರು.

"ಅತ್ತಿ, ಹಂಗ ನೋಡಬ್ಯಾಡ್ರಿ. ಅವರಿಗೆ ಗಂಟಲದಾಗ ತುತ್ತು ಇಳಿಯೂದಿಲ್ಲ" ಅಂದೆ ಒಮ್ಮೆ, ತಡೆಯಲಾರದೆ.

"ಡಾಕ್ಟರವ್ವ ಕಾಯ್ರಿ ಅಂದಾಳ. ಕಾಯಾಕತ್ತೇನಿ" ಅಂದರು. ಅಲ್ಲಿಗೆ ಮುಗಿಯಿತು.

ಚಳಿ ಬಂತು. ಮಾವನನ್ನು ಬೆಳಗಿನ ಬಿಸಿಲಿಗೆ ಕಟ್ಟೆಯ ಮೇಲೆ ಕೂಡಿಸುವ ರೂಢಿ ಮಾಡಿಕೊಂಡೆವು. ಒಂದು ಬೆಳಗ್ಗೆ, ನನ್ನ ಗಂಡ ಕಲಾದಗಿಯಿಂದ ತಂದಿದ್ದ ಚಿಕ್ಕು ಹೆಚ್ಚಿ, ಬೀಜ ತೆಗೆದು, ಅವರ ಮುಂದೆ ಇಟ್ಟೆ. ಅವರು ಎಡಗೈಯಿಂದ ನಿಧಾನವಾಗಿ ತಿನ್ನತೊಡಗಿದರು. ಅತ್ತೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಕಾವಲು ಶುರು ಮಾಡಿದರು. ಅಷ್ಟರಲ್ಲಿ ಕಮತಗಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮಗಳ ಮದುವೆಯ ಸೀರೆಗೆ ಹೇಳಿ ಹೋದವಳು.

"ಯಕ್ಕಾ, ನನ್ನ ಸೀರಿ ಯಾವಾಗ?"

ಅತ್ತೆ ಗಂಡನ ಬಾಯಿಂದ ಕಣ್ಣು ತೆಗೆಯಲಿಲ್ಲ. "ನಾಡದು" ಅಂದರು. ಆಕೆ ನಿಟ್ಟುಸಿರು ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ಮಾವ ಕೈಯಲ್ಲಿದ್ದ ಹೋಳನ್ನು ಬಾಯಿಗೆ ಒಯ್ದವರು ಅಲ್ಲೇ ನಿಲ್ಲಿಸಿದರು. ಹೆಂಡತಿಯ ಮುಖ ನೋಡಿದರು. ಆಕೆಯ ನೋಟ ನೆಟ್ಟಿರುವುದು ಎಲ್ಲಿ ಎಂದು ಆಗಷ್ಟೇ ತಿಳಿದವರಂತೆ ಅವರ ತುಟಿಯ ಒಂದು ತುದಿ ಮೇಲಕ್ಕೆ ಹೋಯಿತು.

"ಗ್ರೋ..." ಅಂದರು. ಉಸಿರು ತೆಗೆದುಕೊಂಡರು. "ಗ್ರೋಕ್."

ಬಾಗಿಲಲ್ಲಿ ನಿಂತಿದ್ದ ನನಗೆ ಕೂಗಬೇಕು ಅನ್ನಿಸಿತು. ಇಷ್ಟು ವರ್ಷ ಆ ಪದವನ್ನು ನಾಲಿಗೆಗೆ ತಾಗಿಸದ ಅತ್ತೆ ಕೂತಲ್ಲಿಂದಲೇ ಉತ್ತರ ಕೊಟ್ಟರು.

"ಹೂಂನ್ರಿ, ಗ್ರೋಕಾಕತ್ತೇನಿ. ಇಷ್ಟ ದಿನಾ ನಾ ಮತ್ತೇನ ಮಾಡಾಕತ್ತಿದ್ದೆ ಅಂತ ತಿಳದಿದ್ರಿ?"

ಮಾವ ಕೈಯಲ್ಲಿದ್ದ ಚಿಕ್ಕು ಹೋಳನ್ನು ಆಕೆಯ ಕಡೆ ಚಾಚಿದರು.

"ಹಣ್ಣ ಬ್ಯಾಡ್ರಿ" ಅಂದರು ಅತ್ತೆ. "ಇನ್ನೊಂದ ಮಾತ ಕೊಡ್ರಿ."

ಮಾವ ಕಣ್ಣು ಮುಚ್ಚಿದರು. ಬಿಸಿಲು ಅವರ ಹೆಗಲ ಮೇಲೆ ಬಿದ್ದಿತ್ತು. ಅಪ್ರಿಸಿಟಿ ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹೇಳಿಕೊಡದಂತೆ ತುಟಿ ಕಚ್ಚಿಕೊಂಡೆ. ನಾವಿಬ್ಬರೂ ಕಾದೆವು. ಅವರು ಕಣ್ಣು ತೆರೆದರು, ಒಳಗಿನ ಮಗ್ಗದ ಕಡೆ ಗದ್ದ ಎತ್ತಿ ತೋರಿಸಿದರು, ಆಮೇಲೆ ಕಮತಗಿಯ ಹೆಣ್ಣುಮಗಳಿಗೆ ಅತ್ತೆ ಹೇಳಿದ ದನಿಯಲ್ಲೇ ಅಂದರು:

"ನಾ... ನಾಡದು."