ನೆತ್ತಿಗೇರಿದ ಕನ್ನಡಕ

ಕೆಲಸ ಹುಡುಕುತ್ತಿದ್ದ ನನ್ನ ಮೊಮ್ಮಕ್ಕಳಿಬ್ಬರಿಗೆ ಸ್ಪ್ಯಾನಿಶ್ ಕಲಿಸಲು ಹೊಸಕೋಟೆಯ ನಮ್ಮ ಮನೆಗೆ ಬರುತ್ತಿದ್ದ ಮೇಡಂಗೆ ಮೂಗಿನ ತುದಿಯಲ್ಲೇ ಕೋಪ. ಕನ್ನಡಕ ನೆತ್ತಿಗೇರಿತೆಂದರೆ ಬೈಗುಳ ಬಂತೆಂದೇ ಲೆಕ್ಕ. "ಬಾಯಲ್ಲಿ ಬೇಡ, ಮಾಡಿ ತೋರ್ಸಿ" ಎನ್ನುವುದು ಅವರ ಮಾತು. ಮುಖ ತೊಳೆದುಕೊಳ್ಳುವುದನ್ನೂ ತಲೆ ಬಾಚಿಕೊಳ್ಳುವುದನ್ನೂ ಹುಡುಗಿಯರು ಮಾಡುತ್ತಲೇ ಆ ಭಾಷೆಯಲ್ಲಿ ಹೇಳಬೇಕು.

ಹತ್ತಿರದ ಪಿಲ್ಲಗುಂಪೆಯ ಕಂಪನಿಯೊಂದರಲ್ಲಿ ಸ್ಪ್ಯಾನಿಶ್ ಬಲ್ಲವರಿಗೆ ಕೆಲಸ ಖಾಲಿಯಿರುವ ಸುದ್ದಿಯನ್ನು ಚಿಕ್ಕವಳು ಮುಚ್ಚಿಟ್ಟಳೆಂದು ದೊಡ್ಡವಳು ಮುನಿದು, ಇಬ್ಬರೂ ಮಾತು ಬಿಟ್ಟಿದ್ದರು. ಒಬ್ಬರಿಗೊಬ್ಬರು ಮಾಡುವ ಕೆಲಸಗಳನ್ನು ಹೇಳುವ ಪಾಠ ಬಂದ ದಿನ ಇಬ್ಬರೂ ಗೋಡೆ ನೋಡಿಕೊಂಡು ಕೂತರು. ಕನ್ನಡಕ ನೆತ್ತಿಗೇರಿತು.

"ಗೋಡೆಗೆ ಜಡೆ ಹಾಕ್ತೀರೇನ್ರೇ? ಒಬ್ಬರ ತಲೆ ಒಬ್ಬರು ಬಾಚಿ" ಎಂದು ಮೇಡಂ ಬಾಚಣಿಗೆ ಎಸೆದರು.

"ನನ್ನ ಮೊಮ್ಮಕ್ಳ ಮೇಲೆ ಎಸೀತೀಯೇನಮ್ಮಾ?" ಎಂದು ನಾನೂ ರೇಗಿದೆ.

ಅಷ್ಟರಲ್ಲಿ ದೊಡ್ಡವಳು ಬಾಚಣಿಗೆ ಎತ್ತಿಕೊಂಡು ಚಿಕ್ಕವಳ ಸಿಕ್ಕುಗೂದಲನ್ನು ಸಿಟ್ಟಿನಿಂದ ಎಳೆದಳು. ಚಿಕ್ಕವಳು ಕಿರುಚಿದಳು. ಇಬ್ಬರೂ ಸ್ಪ್ಯಾನಿಶ್‌ನಲ್ಲೇ ಶುರು ಹಚ್ಚಿಕೊಂಡರು. ಮೇಡಂ ಕನ್ನಡಕವನ್ನು ಮೂಗಿಗಿಳಿಸಿ ಕೇಳುತ್ತ ಕೂತರು.

"ಏನಂತವ್ರೆ?" ಎಂದೆ.

"ಒಬ್ಬರನ್ನೊಬ್ಬರು ಬಯ್ಕೊತಿದಾರೆ ಅಜ್ಜಿ. ಒಂದು ತಪ್ಪೂ ಇಲ್ಲ."

ನನಗೆ ಖುಷಿ ತಡೆಯಲಾಗಲಿಲ್ಲ.

"ಇನ್ನೊಂದಿಷ್ಟು ಹೊತ್ತು ಬಯ್ಕೊಳ್ಲಿ ಬಿಡಮ್ಮಾ, ಕಾಫಿ ಇಡ್ತೀನಿ" ಎಂದು ಒಳಗೆ ಓಡಿದೆ.